ಮಾಲೆಯ ಎಂಟು ಮಣಿ

ನಮ್ಮ ದೊಡ್ಡವ್ವ ಮಾತಾಡುವಾಗ ಆಕೆಯ ತುಟಿಗಳು ಎಲ್ಲರಿಗಿಂತ ನಿಧಾನವಾಗಿ ಆಡುತ್ತವೆ. ಒಂದೊಂದು ಅಕ್ಷರವನ್ನೂ ಬಾಯಲ್ಲಿ ಪೂರ್ತಿ ಮೂಡಿಸಿ ಆಮೇಲೆ ಬಿಡುತ್ತಾಳೆ. ಆಕೆ ನನ್ನ ತಂದೆಯ ಅಣ್ಣನ ಹೆಂಡತಿ. ಆದೋನಿಯ ನಮ್ಮ ಮನೆಯಲ್ಲಿ ಎರಡೂ ಸಂಸಾರಗಳಿಗೆ ಒಂದೇ ಅಡುಗೆಮನೆ. ಹಾಗಾಗಿ ಆಕೆಯ ಮಾತಿನ ಈ ರೀತಿ ನನಗೆ ಹುಟ್ಟಿದಾಗಿನಿಂದ ಪರಿಚಯ. ಅದು ಆಕೆಯ ಸ್ವಭಾವ ಎಂದುಕೊಂಡಿದ್ದೆ. ಸ್ವಭಾವವಲ್ಲ, ಒಬ್ಬರಿಗಾಗಿ ಮಾಡಿಕೊಂಡ ರೂಢಿ ಎಂದು ತಿಳಿದದ್ದು ಸ್ವಲ್ಪ ದೊಡ್ಡವಳಾದ ಮೇಲೆ.

ಆ ಒಬ್ಬರು ಆಕೆಯ ಅಕ್ಕ. ಆಕೆಯನ್ನು ಚಿಪ್ಪಗಿರಿಯ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ನಾವು ಮಕ್ಕಳೆಲ್ಲ ಚಿಪ್ಪಗಿರಿ ಅವ್ವ ಎನ್ನುತ್ತೇವೆ. ಚಿಕ್ಕಂದಿನಲ್ಲಿ ಜ್ವರ ಬಂದು ಆಕೆಯ ಎರಡು ಕಿವಿಯೂ ಹೋದವು. ಅಕ್ಷರ ಕಲಿತವಳಲ್ಲ, ಬರೆದು ತೋರಿಸುವಂತಿರಲಿಲ್ಲ. ತಂಗಿಯೇ ಎದುರು ನಿಂತು ತುಟಿಯಲ್ಲಿ ಮಾತಾಡಿ ಆಕೆಗೆ ತುಟಿ ಓದಲು ಕಲಿಸಿದಳು. ಕ್ರಮೇಣ ಇಬ್ಬರಿಗೂ ದನಿಯ ಅಗತ್ಯವೇ ಇಲ್ಲದಾಯಿತು. ಮದುವೆಮನೆಗಳಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತಿತ್ತು. ನಂದವರದ ಒಂದು ಮದುವೆಯಲ್ಲಿ ಚಪ್ಪರದ ಆ ತುದಿಗೊಬ್ಬಳು ಈ ತುದಿಗೊಬ್ಬಳು ಕೂತು, ನಡುವೆ ಅಷ್ಟು ಜನ ಉಣ್ಣುತ್ತಿರುವಾಗಲೇ, ಬೀಗರ ಸೀರೆ, ಬೀಗರ ಬಂಗಾರ, ಸಾರಿನ ಉಪ್ಪು ಎಲ್ಲದರ ಮೇಲೂ ತೀರ್ಪು ಕೊಟ್ಟು ಮುಗಿಸಿದ್ದರು. ಚಿಪ್ಪಗಿರಿ ಅವ್ವನ ಸೊಸೆ ನನ್ನ ಪಕ್ಕದಲ್ಲಿ ಕೂತಿದ್ದಳು.

“ನೋಡು, ಈಗ ನನ್ನ ಸುದ್ದಿ ನಡದೈತಿ,” ಎಂದಳು.

“ಹೆಂಗ ಗೊತ್ತು?”

“ನಮ್ಮತ್ತಿ ಮೂಗಿನಾಗ ನಕ್ಕರ ಅದು ನಂದ ಸುದ್ದಿ. ಏನಂತಾರ ನೋಡಿ ಹೇಳು.”

ನನಗೆ ಆಗ ತುಟಿ ಓದಲು ಬರುತ್ತಿರಲಿಲ್ಲ. ತಿಳಿಯುವುದಿಲ್ಲ ಎಂದೆ.

ಸಕ್ಕರೆ ಕಾಯಿಲೆ ಚಿಪ್ಪಗಿರಿ ಅವ್ವನ ಕಣ್ಣಿಗೆ ಇಳಿದು ಈಗ ಕೆಲವು ವರ್ಷ. ಮೊದಲು ಎಡಗಣ್ಣು ಹೋಯಿತು. ಬಲಗಣ್ಣಿಗೆ ಗುಂತಕಲ್ಲಿನ ಡಾಕ್ಟರರು ಇಂಜೆಕ್ಷನ್ ಕೊಡುತ್ತಿದ್ದರು. ಅದರಲ್ಲಿ ಹತ್ತಿರದ ಮುಖ ಕಾಣುತ್ತಿತ್ತು, ಗಾಢವಾದ ಬಣ್ಣ ಕಾಣುತ್ತಿತ್ತು, ಎದುರು ಕೂತವರ ತುಟಿ ಕಾಣುತ್ತಿತ್ತು. ಆ ಒಂದು ಕಣ್ಣೇ ಆಕೆಗೆ ಕಿವಿಯೂ ಆಗಿತ್ತು. ಅದೂ ಹೋದರೆ ಆಕೆಗೆ ಯಾರೂ ಏನನ್ನೂ ಹೇಳಲಾರರು ಎಂಬುದು ನಮಗೆಲ್ಲ ಗೊತ್ತಿತ್ತು.

ದೊಡ್ಡವ್ವ ಶ್ರಾವಣದ ಮೊದಲ ಸೋಮವಾರ ಸಂಕಲ್ಪ ಮಾಡಿದಳು. ಅಕ್ಕನ ಕಣ್ಣು ಉಳಿಯಲಿ ಎಂದು ಐದು ಲಕ್ಷ ಪಂಚಾಕ್ಷರಿ ಜಪ. ಮುಗಿಯುವವರೆಗೆ ಆದೋನಿಯ ಎಲ್ಲೆ ದಾಟುವುದಿಲ್ಲ. ಎಲ್ಲೆಯ ಮಾತು ಯಾರೂ ಕೇಳಿದ್ದಲ್ಲ, ಆಕೆಯೇ ಸೇರಿಸಿಕೊಂಡದ್ದು. ಹಿಂದೊಮ್ಮೆ ದೊಡ್ಡಪ್ಪನ ಕಾಯಿಲೆಗೆ ಇಂಥದೇ ಸಂಕಲ್ಪ ಹಿಡಿದು, ನಡುವೆ ದೇವನಕೊಂಡದ ಮದುವೆಗೆ ಹೋಗಿ, ಅದು ಅರ್ಧಕ್ಕೆ ನಿಂತಿತ್ತು. ದೊಡ್ಡಪ್ಪನಿಗೇನೋ ಗುಣವಾಯಿತು. ಆದರೂ ಆ ಅರ್ಧ ಜಪ ಆಕೆಯ ಮನಸ್ಸಿನಲ್ಲಿ ಹಾಗೇ ಕೂತಿತ್ತು. ದೊಡ್ಡಪ್ಪ ಕೆಮ್ಮಿದಾಗಲೆಲ್ಲ ಅದನ್ನು ನೆನೆಯುತ್ತಿದ್ದಳು.

ಅದೇ ಶ್ರಾವಣದಲ್ಲಿ ನಮ್ಮ ಮಠದ ಹೆಂಗಸರ ಬಳಗದವರೂ ಸಾಮೂಹಿಕ ಜಪ ಶುರು ಮಾಡಿದರು. ದೊಡ್ಡವ್ವನೂ ಆ ಬಳಗದವಳೇ. ಬಳಗ ನಡೆಸುವವರು ನಿವೃತ್ತಿಯಾದ ಒಬ್ಬ ಶಿಕ್ಷಕಿ, ಎಲ್ಲರಿಗೂ ಟೀಚರಮ್ಮ. ಒಂದು ದಿನ ಮನೆಗೆ ಬಂದು ನನ್ನ ಕಂಪ್ಯೂಟರಿನ ಎದುರಿನ ಕುರ್ಚಿಯಲ್ಲೇ ಕೂತರು.

“ನೀನು ಯೂನಿವರ್ಸಿಟಿಯೊಳಗ ಇದನ್ನ ಓದೀದಿ. ನಮ್ಮ ಹೆಂಗಸ್ರು ಫೋನಿನಾಗ ಸೀರಿಯಲ್ ನೋಡ್ಕೋತ ಕುಂದರ್ತಾರ. ಅದ್ರಾಗ ಶಿವಗೂ ಒಂಚೂರು ಜಾಗ ಮಾಡಿಕೊಡವ್ವ.”

ನಾನು ಮನೆಯಿಂದಲೇ ಒಂದು ಸಣ್ಣ ಕಂಪನಿಗೆ ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ಜಪ ಎಣಿಸುವ ಒಂದು ಆ್ಯಪ್ ಅದರ ಮುಂದೆ ದೊಡ್ಡ ಕೆಲಸವಲ್ಲ, ಒಪ್ಪಿಕೊಂಡೆ. ಒಂದು ಮಾಲೆ ಮುಗಿದಾಗ ಒತ್ತಲು ಒಂದು ದೊಡ್ಡ ಗುಂಡಿ. ಒತ್ತಿದರೆ ಮೇಲೆ ಅವರವರ ಒಟ್ಟು ಜಪದ ಸಂಖ್ಯೆ ಏರುತ್ತದೆ. ಈ ಭಾಗವನ್ನು ಯಾರೋ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟದ್ದರಿಂದ ತೆಗೆದುಕೊಂಡೆ. ಅದರ ಹಿಂದೆ ದಾಖಲೆ ಇಡುವ ಭಾಗವನ್ನು ನಾನೇ ಬರೆದೆ: ಪ್ರತಿ ಸಲ ಒತ್ತಿದಾಗಲೂ ಒಂದು ಸಾಲು ಸೇರುತ್ತದೆ, ಯಾರು, ಯಾವ ದಿನ, ಎಷ್ಟು ಜಪ ಎಂದು. ಸಾಲುಗಳನ್ನೆಲ್ಲ ಕೂಡಿದರೆ ಮೇಲಿನ ಸಂಖ್ಯೆಯೇ ಬರಬೇಕು. ಪ್ರತಿ ಸಲ ಕೂಡುತ್ತ ಕೂತರೆ ಫೋನು ನಿಧಾನವಾಗುತ್ತದೆಂದು ಮೊತ್ತವನ್ನು ಪ್ರತ್ಯೇಕವಾಗಿ ಇಟ್ಟಿರುತ್ತಾರೆ. ನನ್ನ ಕಸುಬಿನಲ್ಲಿ ಎಲ್ಲೆಡೆಯೂ ಹೀಗೇ. ಎರಡರ ನಡುವೆ ವ್ಯತ್ಯಾಸ ಕಂಡರೆ ಸಾಲುಗಳನ್ನೇ ನಂಬಬೇಕು, ಮೊತ್ತವನ್ನು ತಿದ್ದಬೇಕು ಎಂಬುದೂ ಎಲ್ಲೆಡೆಯೂ ಹೀಗೇ.

ನಾನು ಬರೆಯುತ್ತಿದ್ದಾಗ ಟೀಚರಮ್ಮ ಹಿಂದೆ ನಿಂತು, “ಮಾಲಿಗೆ ನೂರು ಅಂತ ಹಿಡಿ,” ಎಂದರು.

“ಮಣಿ ನೂರೆಂಟು ಇರ್ತಾವಲ್ರಿ ಟೀಚರಮ್ಮ.”

“ಇರ್ತಾವ. ಎಂಟು ಬಿಡಬೇಕು. ನಡುವ ಆಕಳಿಕಿ ಬಂದಿರ್ತೈತಿ. ಹಾಲು ಉಕ್ಕಿತೇನೋ ಅಂತ ಮನಸು ಒಲಿ ಕಡೆ ಹೋಗಿರ್ತೈತಿ. ಅಂಥಾ ತಪ್ಪಿಗೆಲ್ಲ ಆ ಎಂಟು. ನೂರು ಮಾತ್ರ ನಮ್ಮ ಲೆಕ್ಕಕ್ಕ.”

ಸಾಲಿಗೆ ನೂರು ಎಂದು ಬರೆದೆ. ಆ ಸಿದ್ಧ ಗುಂಡಿಯೊಳಗೆ ಮಾಲೆಗೆ ಎಷ್ಟೆಂದು ಇದೆ ಎಂದು ನೋಡಲಿಲ್ಲ. ಅಲ್ಲಿ ನೂರೆಂಟು ಇತ್ತು. ಬಳಗದವರು ಸಂಖ್ಯೆ ನೂರೆಂಟರಂತೆ ಏರುವುದನ್ನು ಕಂಡರೂ ಕೇಳಲಿಲ್ಲ. ಮಾಲೆಗೆ ನೂರೆಂಟು ಮಣಿ ಎಂದು ಅವರಿಗೆ ಗೊತ್ತಿದ್ದದ್ದೇ. ಎಂಟರ ಲೆಕ್ಕವನ್ನು ಫೋನೇ ನೋಡಿಕೊಂಡಿದೆ ಎಂದು ಅದರ ಯೋಚನೆಯನ್ನೇ ಬಿಟ್ಟು, ಮೇಲೆ ಕಂಡದ್ದನ್ನೇ ನಂಬಿದ್ದರು. ನಾನು ಅವರ ಪುಟಗಳನ್ನು ನೋಡುತ್ತಲೇ ಇರಲಿಲ್ಲ. ಒಬ್ಬರ ಜಪವನ್ನು ಇನ್ನೊಬ್ಬರು ಇಣುಕಿ ನೋಡುವುದು ನನಗೆ ಸರಿಯೆನಿಸದೆ, ಪ್ರತಿಯೊಂದು ಪುಟವೂ ಅವರವರಿಗೆ ಮಾತ್ರ ಕಾಣುವಂತೆ ಮಾಡಿಟ್ಟಿದ್ದೆ.

ದೊಡ್ಡವ್ವ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಪಡಸಾಲೆಯ ಕಂಬಕ್ಕೆ ಎದುರಾಗಿ ಕೂರುತ್ತಿದ್ದಳು. ದನಿಯಿಲ್ಲದ ಜಪ, ತುಟಿ ಮಾತ್ರ ಆಡುತ್ತಿತ್ತು. ಬೇರೆಯವರ ಜಪದಲ್ಲಿ ತುಟಿ ಸುಮ್ಮನೆ ಅದುರುತ್ತದೆ. ಆಕೆಯದರಲ್ಲಿ ಐದು ಅಕ್ಷರವೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಕಾಫಿ ಕುಡಿಯುತ್ತ ಎದುರು ಕೂತು ದಿನವೂ ನೋಡಿ ನೋಡಿ ನನಗೆ ಆ ತುಟಿಗಳ ಲಿಪಿ ಸ್ವಲ್ಪ ಸ್ವಲ್ಪ ತಿಳಿಯತೊಡಗಿತು. ಆಕೆಗೆ ಹೇಳಲಿಲ್ಲ. ಮಾಲೆ ಮುಗಿದಾಗ ಮಗ್ಗುಲಲ್ಲಿಟ್ಟ ಫೋನಿನ ಗುಂಡಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತುತ್ತಿದ್ದಳು, ಹಣೆಗೆ ಅಂಗಾರ ಒತ್ತಿದಂತೆ.

ಶಿವರಾತ್ರಿ ಕಳೆದ ಮೇಲೆ ಚಿಪ್ಪಗಿರಿ ಅವ್ವನ ಮಗ ಫೋನು ಮಾಡಿದ. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು.

“ಚಿಕ್ಕವ್ವ, ಕಣ್ಣು ಇನ್ನೂ ಮಂದ ಆಗೈತಿ. ಅವ್ವ ದಿನಾ ನಿನ್ನ ಕೇಳ್ತಾಳ. ನಿನ್ನ ಮಾರಿ ಕಾಣೂದ್ರಾಗ ಒಮ್ಮಿ ಬರಬೇಕಂತ.”

“ಮುಗಿಯಾಕ ಬಂತಪ್ಪ. ಯುಗಾದಿಗೆ ಬಂದೇ ಬರ್ತೀನಂತ ಹೇಳು. ಬೇವು-ಬೆಲ್ಲ ನಾನ ಬಾಯಿಗೆ ಹಾಕ್ತೀನಂತ ಹೇಳು.”

“ಕಾರು ಮಾಡಿ ಆಕೀನ್ನ ಅಲ್ಲಿಗೆ ಕರಕೊಂಡು ಬರಬೇಕಂತಿದ್ನಿ. ಡಾಕ್ಟ್ರು ಬ್ಯಾಡಂದ್ರು. ಮೈ ಕುಲುಕಬಾರದಂತ, ಬಗ್ಗಬಾರದಂತ.”

ಅದರ ಮರುದಿನ ನಾನು ವಿಡಿಯೊ ಕರೆ ಮಾಡಿಕೊಟ್ಟೆ. ದೊಡ್ಡವ್ವ ಫೋನಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಬಾಯಿ ಅಗಲಿಸಿ ಒಂದೊಂದೇ ಮಾತು ಆಡಿದಳು. ಆ ಕಡೆ ಮಗ ಫೋನು ಹಿಡಿದಿದ್ದ. ತನ್ನ ದನಿ ತನಗೆ ಕೇಳದ್ದರಿಂದ ಚಿಪ್ಪಗಿರಿ ಅವ್ವ ದನಿ ತೆಗೆದರೆ ಯಾವಾಗಲೂ ಜೋರು. “ಇದ್ರಾಗ ಬರೇ ಬೆಳಕೈತಿ,” ಎಂದಳು. “ಟೂಬ್‌ಲೈಟ್ ಮುಂದ ಕುಂದರಿಸಿ ತಂಗಿ ಅಂತೀಯಲ್ಲೋ.” ದೊಡ್ಡವ್ವ ನಕ್ಕಳು, ಆಮೇಲೆ ಫೋನನ್ನು ನನಗೆ ಕೊಟ್ಟು ಅಡುಗೆಮನೆಗೆ ಹೋದಳು. ಮತ್ತೆ ವಿಡಿಯೊ ಕರೆ ಬೇಡವೆಂದಳು.

ಗಾಢವಾದ ಬಣ್ಣ ಆ ಕಣ್ಣಿಗೆ ಕಾಣುತ್ತದೆ ಎಂದು ಮಗ ಹೇಳಿದ್ದು ದೊಡ್ಡವ್ವನ ತಲೆಯಲ್ಲಿ ಕೂತಿತ್ತು. ಬೂದು, ಕಾಫಿಬಣ್ಣ ಬಿಟ್ಟು ಬೇರೆ ಸೀರೆ ಉಟ್ಟವಳಲ್ಲ. ನನ್ನನ್ನು ಬಜಾರಿಗೆ ಕರೆದುಕೊಂಡು ಹೋಗಿ, ಗಿಣಿಹಸಿರು, ಕಡುಗೆಂಪು ಎಲ್ಲ ಬಿಡಿಸಿ ನೋಡಿ, ಕೊನೆಗೆ ಕಣ್ಣು ಚುಚ್ಚುವಂಥ ಹಳದಿಯೊಂದನ್ನು ಆರಿಸಿದಳು. ಅಂಗಡಿಯವನು ನನ್ನ ಕಡೆ ನೋಡಿ ನಗುತ್ತ ತೆಲುಗಿನಲ್ಲಿ, “ಪೆಳ್ಳಿ ಎವರಿದಮ್ಮಾ?” ಎಂದ.

“ಯಾರ ಮದಿವೀನೂ ಅಲ್ಲಪ್ಪ. ನಾನು ದೂರಕ್ಕ ಕಾಣಬೇಕು,” ಎಂದಳು ದೊಡ್ಡವ್ವ.

ಯುಗಾದಿಗೆ ಎರಡು ದಿನ ಮೊದಲು ಬೆಳಿಗ್ಗೆ ಆಕೆಯ ಫೋನಿನಲ್ಲಿ ಐದು ಲಕ್ಷ ಮೂಡಿತು. ಎಲ್ಲರಿಗೂ ತೋರಿಸಿದಳು. ನಮ್ಮ ತಾಯಿ ಆಕೆಯ ಬಾಯಿಗೆ ಸಕ್ಕರೆ ಹಾಕಿದರು. ಮಧ್ಯಾಹ್ನವೆಲ್ಲ ಕೂತು ಅಕ್ಕನಿಗೆಂದು ಸಜ್ಜೆ ರೊಟ್ಟಿ ತಟ್ಟಿ ಖಡಕ್ಕಾಗಿ ಒಣಗಿಸಿ, ಗುರೆಳ್ಳು ಪುಡಿ ಕುಟ್ಟಿ ಚೀಲಕ್ಕೆ ತುಂಬಿದಳು. ಹಳದಿ ಸೀರೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಳು. ಮರುದಿನ ಬೆಳಿಗ್ಗೆ ಆಲೂರಿನ ಬಸ್ಸು, ಅಲ್ಲಿಂದ ಆಟೋ. ಚೀಲವನ್ನು ಮರೆಯಬಾರದೆಂದು ನನ್ನ ಕೋಣೆಯ ಬಾಗಿಲಿಗೆ ಆನಿಸಿಟ್ಟಳು.

ಅದೇ ಮಧ್ಯಾಹ್ನ ಟೀಚರಮ್ಮ ಫೋನು ಮಾಡಿ, ಯುಗಾದಿಯ ದಿನ ಮಠದಲ್ಲಿ ಜಪದ ಮಂಗಲವಿದೆ, ಯಾರ್ಯಾರ ಸಂಕಲ್ಪ ಮುಗಿದಿದೆ ತಿಳಿಸು ಎಂದರು. ಕೊಡುವ ಮೊದಲು ಒಮ್ಮೆ ತಾಳೆ ನೋಡುವುದು ನನ್ನ ಪದ್ಧತಿ. ಸಾಲುಗಳನ್ನು ಕೂಡಿಸಿದೆ. ಒಬ್ಬರದೂ ಹೊಂದಲಿಲ್ಲ. ಎಲ್ಲರ ಮೇಲಿನ ಸಂಖ್ಯೆಯೂ ಸಾಲುಗಳ ಮೊತ್ತಕ್ಕಿಂತ ಹೆಚ್ಚು, ಎಲ್ಲರದೂ ಒಂದೇ ಪ್ರಮಾಣದಲ್ಲಿ ಹೆಚ್ಚು. ಹೀಗೆ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಕಾರಣ ಒಂದೇ ಇರುತ್ತದೆ. ಗುಂಡಿಯನ್ನು ತೆರೆದು ನೋಡಿದೆ. ಟೀಚರಮ್ಮನಿಗೆ ಮತ್ತೆ ಫೋನು ಮಾಡಿದೆ.

“ನೂರೇ ಖರೆ,” ಎಂದರು. “ಮೊದಲ ಹೇಳಿದ್ನಲ್ಲ.”

ಐದು ಲಕ್ಷ ಮುಗಿಸಿದವಳೆಂದು ತೋರುತ್ತಿದ್ದ ದೊಡ್ಡವ್ವನಿಗೆ ಇನ್ನೂ ಮೂವತ್ತೇಳು ಸಾವಿರ ಉಳಿದಿತ್ತು. ಚೀಲ ಬಾಗಿಲಲ್ಲೇ ಇತ್ತು, ಕೂತಲ್ಲಿಂದ ಕಾಣುತ್ತಿತ್ತು. ತಪ್ಪು ಸಂಖ್ಯೆಯನ್ನು ನಂಬಿಸಿ ಆಕೆಯನ್ನು ಎಲ್ಲೆ ದಾಟಿಸುವುದು ಆಕೆಗೆ ಮಾಡುವ ಮೋಸ ಎಂದು ನನಗನ್ನಿಸಿತು. ಆಕೆ ಹಿಂದಿನ ಅರ್ಧ ಜಪವನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದನ್ನು ನೋಡಿದವಳು ನಾನು. ಸಂಜೆ ದೀಪ ಹಚ್ಚುವ ಮೊದಲೇ ತಿದ್ದಿ ಮುಗಿಸಿದೆ. ಎಲ್ಲರ ಸಂಖ್ಯೆಗಳೂ ಸಾಲುಗಳಿಗೆ ಸರಿಯಾಗಿ ಇಳಿದು ಕೂತವು.

ಬೆಳಿಗ್ಗೆ ಬಳಗದ ಗುಂಪಿನಲ್ಲಿ ಧ್ವನಿ ಸಂದೇಶಗಳು ಒಂದರ ಮೇಲೊಂದು ಬರತೊಡಗಿದವು. “ಶಿವಾನೇ ಬಂದು ನನ್ನ ಜಪದಾಗ ಕೈ ಹಾಕ್ಯಾನ,” ಎಂದಳೊಬ್ಬಳು. “ಜಪಕ್ಕೂ ಜಿಎಸ್‌ಟಿ ಹಚ್ಚಿದ್ರೇನ್ರಿ ಟೀಚರಮ್ಮ?” ಎಂದಳು ಇನ್ನೊಬ್ಬಳು. ಹತ್ತಿ ವ್ಯಾಪಾರಿಯ ಹೆಂಡತಿಯೊಬ್ಬಳ ಸಂದೇಶ ಎಲ್ಲಕ್ಕಿಂತ ಉದ್ದ: “ಮಾರ್ಕೆಟ್ಟಿನ್ಯಾಗ ಹತ್ತಿ ತಂದವರಿಗೆ ನಮ್ಮವರು ತ್ಯಾವ ಐತಿ ಅಂತ ತೂಕದಾಗ ಕಳೀತಾರ. ಆ ಪಾಪ ನನಗ ಬಡೀತು ನೋಡ್ರಿ. ನನ್ನ ಜಪದಾಗ ಅಷ್ಟು ತ್ಯಾವ ಇತ್ತೇನ್ರಿ?”

ದೊಡ್ಡವ್ವ ಪ್ರಯಾಣಕ್ಕೆ ತಯಾರಾಗಿ, ಹೊಸ ಸೀರೆಯ ಮಡಿಕೆ ಬಿಚ್ಚುತ್ತ ಇದನ್ನೆಲ್ಲ ಕೇಳಿ ನಗುತ್ತಿದ್ದಳು. ಆಮೇಲೆ ತನ್ನ ಪುಟ ತೆರೆದಳು. ನನ್ನ ಹತ್ತಿರ ತಂದಳು. ನಾನು ಹೇಳಿದೆ: ಮಾಲೆಗೆ ನೂರೆಂಟರಂತೆ ತಪ್ಪಾಗಿ ಏರಿತ್ತು, ನೂರರಂತೆ ಇಷ್ಟು, ಇನ್ನು ಇಷ್ಟು ಉಳಿದಿದೆ.

ಬಿಚ್ಚಿದ್ದ ಸೀರೆಯನ್ನು ಮತ್ತೆ ಮಡಿಚತೊಡಗಿದಳು.

“ಛಲೋ ಆತು ಬಿಡವ್ವ,” ಎಂದಳು. “ಅರ್ಧಕ್ಕ ಬಿಟ್ಟು ಹೋಗಿಬಿಡ್ತಿದ್ನಿ. ಈಗೂ ಹಂಗ ಆಗ್ತಿತ್ತು. ಉಳಿಸಿದಿ ನನ್ನ.”

ದೊಡ್ಡಪ್ಪ ಅಂಗಡಿಗೆ ಹೊರಟವರು ಚಪ್ಪಲಿ ಮೆಟ್ಟಿಕೊಂಡೇ ನಿಂತರು. “ದೇವ್ರು ಏನು ಕಂಪ್ಯೂಟರ್ ಇಟ್ಕೊಂಡು ಕುಂತಾನೇನು? ಹೋಗಿ ಬಾ. ಬಂದು ಮಾಡಿದ್ರಾತು.”

“ಆತನ ಹಂತ್ಯಾಕ ಇಲ್ಲ. ಲೆಕ್ಕ ನನ್ನ ಹಂತ್ಯಾಕ ಐತಲ್ಲ,” ಎಂದಳು ದೊಡ್ಡವ್ವ.

ಚೀಲ ಬಿಚ್ಚಿದಳು. ಸಜ್ಜೆ ರೊಟ್ಟಿ ಯುಗಾದಿಯ ದಿನ ನಮ್ಮ ತಟ್ಟೆಗಳಿಗೆ ಬಂದವು. ನನಗೆ ಬಡಿಸುವಾಗ, “ತಿನ್ನು, ಛಲೋ ಒಣಗ್ಯಾವ,” ಎಂದಳು. ತಿಂದೆ.

ಮಾಲೆಗಳನ್ನು ಹೆಚ್ಚಿಸಿದಳು. ಬೆಳಿಗ್ಗೆ ಮಾತ್ರ ಕೂರುತ್ತಿದ್ದವಳು ಮಧ್ಯಾಹ್ನವೂ ಕಂಬದ ಮುಂದೆ ಕೂತಳು. ಹೆಬ್ಬೆರಳು ಊದಿಕೊಂಡು ಅರಿಶಿಣದ ಪಟ್ಟಿ ಕಟ್ಟಿಕೊಂಡಳು. ಎರಡು ವಾರದಲ್ಲಿ ಮುಗಿಯುವಂತಿತ್ತು. ಮೂರು ದಿನದ್ದು ಉಳಿದಿದ್ದಾಗ ಚಿಪ್ಪಗಿರಿಯಿಂದ ಫೋನು ಬಂತು. ಮುಖ ತೊಳೆಯುತ್ತಿದ್ದ ಹಾಗೆಯೇ ಬಲಗಣ್ಣಿನೊಳಗೆ ರಕ್ತ ಒಸರಿ ಎಲ್ಲ ಕಪ್ಪಾಯಿತಂತೆ. ಗುಂತಕಲ್ಲಿಗೆ ಒಯ್ದಿದ್ದರು. ರಕ್ತ ತಿಳಿಯಾದರೆ ಬೆಳಕು ಕಂಡೀತು, ಮುಖ ಕಾಣುವಷ್ಟು ಮರಳುವುದು ಕಷ್ಟ ಎಂದಿದ್ದರು ಡಾಕ್ಟರು.

“ಈಗ ಹೋಗೋಣ ದೊಡ್ಡವ್ವ. ಕಾರು ತರಿಸ್ತೀನಿ,” ಎಂದೆ.

ಆಕೆ ಮಾಲೆಯನ್ನು ಕೆಳಗಿಡಲಿಲ್ಲ. “ಮೂರು ದಿನ ಐತಿ. ಈಗ ಬಿಟ್ರ ಆ ಕಣ್ಣು ತಿರುಗಿ ಬರೂದಿಲ್ಲ,” ಎಂದು ಮತ್ತೆ ಕಂಬದ ಕಡೆ ತಿರುಗಿದಳು.

ಮುಗಿದ ಮರುದಿನ ನಾನೂ ಜೊತೆಗೆ ಹೋದೆ. ಆಲೂರಿನ ಬಸ್ಸಿನಲ್ಲಿ ಆಕೆ ಕಿಟಕಿಯ ಪಕ್ಕ ಕೂತಳು. ಹಳದಿ ಸೀರೆಯನ್ನೇ ಉಟ್ಟಿದ್ದಳು. ಬಿಸಿಲಿಗೆ ಹೊಳೆಯುವ ಆ ಹಳದಿಯ ಕಡೆ ಬಸ್ಸಿನ ಎಲ್ಲರೂ ಒಮ್ಮೆ ನೋಡುತ್ತಿದ್ದರು.

ಚಿಪ್ಪಗಿರಿ ಅವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಮುಖ ಬೀದಿಯ ಕಡೆಗಿತ್ತು. ದೊಡ್ಡವ್ವ ಹೋಗಿ ಎದುರು ನಿಂತಳು. ರೂಢಿಯ ಬಲಕ್ಕೆ ತುಟಿಗಳು ಆಡಿದವು, ನಿಂತವು. ಆಮೇಲೆ ಬಗ್ಗಿ ಕೈ ಹಿಡಿದಳು.

“ಯಾರು ಬೇ?” ಎಂದು ಚಿಪ್ಪಗಿರಿ ಅವ್ವ ಜೋರಾಗಿ ಕೇಳಿದಳು. ಆ ಕೈಯನ್ನು ತಡವಿದಳು, ಬಳೆ ಎಣಿಸಿದಂತೆ ಮುಟ್ಟಿದಳು, ಹೆಬ್ಬೆರಳಿನ ಪಟ್ಟಿಯ ಹತ್ತಿರ ಕೈ ನಿಲ್ಲಿಸಿದಳು, ಮೇಲೆ ಮೇಲೆ ಹೋಗಿ ಮುಖ ತಡವಿದಳು. “ಬಂದಿ?” ಎಂದಳು. “ತಡ ಮಾಡಿದಿ.”

ದೊಡ್ಡವ್ವ ಪಕ್ಕದಲ್ಲಿ ಕೂತಳು. ಅಕ್ಕ ಅವಳ ಸೆರಗಿನ ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು. “ಹೊಸಾದು. ಗಂಜಿ ಹೋಗಿಲ್ಲ. ಏನ್ ಬಣ್ಣ?”

ಹಳದಿ ಎಂದು ದೊಡ್ಡವ್ವನ ತುಟಿಗಳು ಅಂದವು. ಹಳದಿ ಎಂದು ಮಗ ಕಿವಿಯ ಹತ್ತಿರ ಕೂಗಿದ, ವ್ಯರ್ಥವೆಂದು ಗೊತ್ತಿದ್ದೂ. “ಏನ್ ಬಣ್ಣಂತೀನಿ, ಯಾರೂ ಹೇಳವಲ್ರಲ್ಲ,” ಎಂದು ಚಿಪ್ಪಗಿರಿ ಅವ್ವ ಸಿಟ್ಟಾದಳು. ನಾವೆಲ್ಲ ಸುತ್ತ ನಿಂತಿದ್ದೆವು. ಒಂದು ಬಣ್ಣವನ್ನು ಆಕೆಗೆ ತಲುಪಿಸುವ ದಾರಿ ಯಾರಿಗೂ ಹೊಳೆಯಲಿಲ್ಲ.

ದೊಡ್ಡವ್ವ ಎದ್ದು ಒಳಗೆ ಹೋದಳು. ಮಸಾಲೆ ಡಬ್ಬಿ ತೆರೆದ ಸಪ್ಪಳವಾಯಿತು. ಚಿಟಿಕೆ ಅರಿಶಿಣ ತಂದು ಅಕ್ಕನ ಮೂಗಿನ ಕೆಳಗೆ ಹಿಡಿದು, ಅಕ್ಕನ ಕೈಯನ್ನು ಸೀರೆಯ ಮೇಲೆ ಇಟ್ಟಳು. ಚಿಪ್ಪಗಿರಿ ಅವ್ವ ಮೂಸಿದಳು. ಇನ್ನೊಮ್ಮೆ ಮೂಸಿದಳು.

“ಅರಿಷಿಣ?” ಎಂದಳು. “ಈ ವಯಸ್ಸಿನಾಗ ನೀ ಅರಿಷಿಣದ ಸೀರಿ ಉಟಗೊಂಡು ಆದೋನಿಯಿಂದ ಬಂದಿ? ಬಸ್ಸಿನಾಗ ಯಾರೂ ನಗಲಿಲ್ಲೇನ?” ಎಂದವಳೇ, ಸೊಸೆ ಒಳಗಿನಿಂದ ಓಡಿ ಬರುವಷ್ಟು ಜೋರಾಗಿ ನಕ್ಕಳು.

ಹಿಂದಿರುಗುವಾಗ ಬಸ್ಸಿನಲ್ಲಿ ನಾನು, ಕೆಲವು ದಿನಗಳಿಂದ ಮನಸ್ಸಿನಲ್ಲಿದ್ದ ಲೆಕ್ಕವನ್ನು ಹೇಳಿದೆ. ಮೇಲಿನ ಸಂಖ್ಯೆ ಸುಳ್ಳಲ್ಲ. ಮಾಲೆಯಲ್ಲಿ ನೂರೆಂಟು ಮಣಿ ಇದ್ದವು, ಆಕೆ ನೂರೆಂಟನ್ನೂ ಅಂದಿದ್ದಳು. ಯುಗಾದಿಗೆ ಎರಡು ದಿನ ಮೊದಲೇ ಆಕೆಯ ತುಟಿಗಳು ಐದು ಲಕ್ಷವನ್ನು ಪೂರ್ತಿ ಆಡಿ ಮುಗಿಸಿದ್ದವು. ನಾನು ನಂಬಿದ ಸಾಲುಗಳಲ್ಲೇ ಪ್ರತಿ ಮಾಲೆಗೆ ಎಂಟು ಕಡಿಮೆಯಿತ್ತು.

“ಅಂದದ್ದು ಆಗಿತ್ತವ್ವ,” ಎಂದಳು ದೊಡ್ಡವ್ವ, ಕಿಟಕಿಯ ಹೊರಗೆ ನೋಡುತ್ತ. “ಆ ಎಂಟು ನಾವು ಮೊದಲ ಬಿಟ್ಟುಕೊಟ್ಟದ್ದು. ನಮಗ ಬೇಕಾದಾಗ ತಿರುಗಿ ಕೊಡು ಅಂತ ಕೇಳಾಕ ಬರ್ತೈತೇನು?” ಆಮೇಲೆ ನನ್ನ ಮುಖ ನೋಡಿ, ತೊಡೆಯ ಮೇಲೆ ತಟ್ಟಿ, “ನೀ ಅದನ್ನ ತಲಿಯಾಗ ಇಟಗೋಬ್ಯಾಡ. ಸಂಕಲ್ಪ ಪೂರಾ ಆತು. ಕಣ್ಣು ಹೋಗೂದು ಹೋತು. ನಾನು ಅರ್ಧಕ್ಕ ಬಿಟ್ಟದ್ದಕ್ಕ ಹೋತು ಅಂತ ಇಲ್ಲಲ್ಲ,” ಎಂದಳು.

ಆ ಮಾತನ್ನು ನಾನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಅಂದು ಸಂಜೆ ತಿದ್ದದೆ ಬಿಟ್ಟಿದ್ದರೆ ಆಕೆ ಹೋಗುತ್ತಿದ್ದಳು. ಹಳದಿ ಸೀರೆ ಆ ಕಣ್ಣಿಗೆ ಕಾಣುತ್ತಿತ್ತು. ಯುಗಾದಿಯ ದಿನವಿಡೀ ಇಬ್ಬರೂ ಕಟ್ಟೆಯ ಮೇಲೆ ಎದುರುಬದುರು ಕೂತು ದನಿಯಿಲ್ಲದೆ ಮಾತಾಡುತ್ತಿದ್ದರು. ಆಮೇಲೆ ಕಣ್ಣು ಹೇಗೂ ಹೋಗುತ್ತಿತ್ತು, ಆಮೇಲೆ ಸಂಖ್ಯೆ ತಪ್ಪೆಂದು ತಿಳಿಯುತ್ತಿತ್ತು, ತನ್ನಿಂದಲೇ ಹೋಯಿತೆಂದು ಆಕೆ ಕೊನೆಯವರೆಗೆ ನಂಬುತ್ತಿದ್ದಳು. ಈ ಎರಡರಲ್ಲಿ ಯಾವುದು ಹಗುರವೆಂದು ನನಗೆ ಇಂದಿಗೂ ತಿಳಿದಿಲ್ಲ. ತಿದ್ದಿದ್ದು ತಪ್ಪೆಂದು ನಾನು ಹೇಳಲಾರೆ. ಆ ಸಂಜೆ ಬಾಗಿಲಿಗೆ ಆನಿಸಿದ ಚೀಲವನ್ನು ನೋಡಿಯೂ, ಎದ್ದು ಹೋಗಿ ಆಕೆಯನ್ನೇ ಒಂದು ಮಾತು ಕೇಳಬಹುದಿತ್ತು. ಪುಟಗಳನ್ನು ಅವರವರಿಗೆ ಮಾತ್ರ ಕಾಣುವಂತೆ ಮಾಡುವಷ್ಟು ಸಂಕೋಚದವಳಿಗೆ, ಪಕ್ಕದ ಕೋಣೆಗೆ ಹೋಗಿ ಕೇಳುವುದು ಹೊಳೆಯಲಿಲ್ಲ.

ಈಗ ದೊಡ್ಡವ್ವ ತಿಂಗಳಿಗೊಮ್ಮೆ ಚಿಪ್ಪಗಿರಿಗೆ ಹೋಗುತ್ತಾಳೆ, ಸಾಧ್ಯವಾದಾಗ ನಾನೂ ಹೋಗುತ್ತೇನೆ. ಆಕೆಯ ಚೀಲದಲ್ಲಿ ಸಣ್ಣ ಸಣ್ಣ ಪೊಟ್ಟಣಗಳಿರುತ್ತವೆ: ಮೆಂತ್ಯ, ವಿಭೂತಿ, ದವನ, ಹೊಸ ಶೇಂಗಾದೆಣ್ಣೆಯ ಹನಿ ಹಾಕಿದ ಬಟ್ಟೆ. ಮಠದಿಂದ ಬಂದೆ ಎಂದು ವಿಭೂತಿ, ಗಾಣಕ್ಕೆ ಹೋಗಿದ್ದೆ ಎಂದು ಎಣ್ಣೆ. ಚಿಪ್ಪಗಿರಿ ಅವ್ವ ಮೂಸಿ ಮೂಸಿ ಊಹಿಸುತ್ತಾಳೆ, ತಪ್ಪಿದರೆ ಬಯ್ಯುತ್ತಾಳೆ. “ಇಷ್ಟೆಲ್ಲ ಹೇಳಬಹುದು,” ಎನ್ನುತ್ತಾಳೆ ದೊಡ್ಡವ್ವ. “ಟೀಚರಮ್ಮನ ಸುದ್ದಿ ಹೆಂಗ ಹೇಳ್ಲಿ? ಅದಕ್ಯಾವ ವಾಸನಿ?”

ಹೋದ ಸಲ ಹೋದಾಗ ಊಟವಾದ ಮೇಲೆ ಸೊಸೆ ಮತ್ತು ನಾನು ಹೊಸ್ತಿಲಲ್ಲಿ ಕೂತಿದ್ದೆವು. ಕಟ್ಟೆಯ ಮೇಲೆ ಇಬ್ಬರೂ ಕೈ ಹಿಡಿದು ಕೂತಿದ್ದರು. ಚಿಪ್ಪಗಿರಿ ಅವ್ವ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು. ದೊಡ್ಡವ್ವ ಆಕೆಯ ಮುಖಕ್ಕೆ ಎದುರಾಗಿ, ಹಳೆಯ ರೂಢಿಯಂತೆ, ದನಿಯಿಲ್ಲದೆ ಏನೋ ಹೇಳತೊಡಗಿದಳು. ಕಾಣದ, ಕೇಳದ ಮುಖಕ್ಕೆ, ಒಂದೊಂದೇ ಅಕ್ಷರ, ನಿಧಾನವಾಗಿ. ನನಗೆ ಈಗ ಓದಲು ಬರುತ್ತದೆ.

ಚೀಲ ಕಟ್ಟಿದ್ದೆ ಅಕ್ಕ, ಎಂದಳು. ಬಂದುಬಿಡಬೇಕಾಗಿತ್ತು.

ನಾನು ಬೇರೆ ಕಡೆ ನೋಡಿದೆ. ಅದು ನನಗೆ ಹೇಳಿದ್ದಲ್ಲ.

“ನಮ್ಮ ಚಿಕ್ಕವ್ವ ಏನಂದ್ರು?” ಎಂದು ಸೊಸೆ ನನ್ನನ್ನು ಮೊಣಕೈಯಿಂದ ತಿವಿದಳು. “ನನ್ನ ಸುದ್ದಿ ಹೌದಲ್ಲೋ?”

“ತಿಳೀಲಿಲ್ಲ,” ಎಂದೆ.